ಒಂದು ಪೋಸ್ಟಿಂಗ್ ಮುಂದಿರುವ ಅಕ್ಕ

ತುಮಕೂರು ಸೀಮೆಯ ಬೆಳ್ಳಾವಿ ಕಡೆಯ ಹೆಣ್ಣುಮಗಳೊಬ್ಬಳು ಮಿಲ್ಟ್ರಿಯಲ್ಲಿರುವ ಹುಡುಗನನ್ನು ಮದುವೆಯಾಗಿ ಪಂಜಾಬಿನ ಯಾವುದೋ ಕಂಟೋನ್ಮೆಂಟಿಗೆ ಹೊರಟಿದ್ದಾಳೆ ಎಂದಿಟ್ಟುಕೊಳ್ಳಿ. ಅವ್ವ ಒಂದು ಚೀಲ ರಾಗಿ ಹಿಟ್ಟು ಕಟ್ಟಿಕೊಟ್ಟಿದ್ದಾಳೆ. ಜೊತೆಗೆ ಹುಳಿ ಪುಡಿ, ಹುಣಸೆಹಣ್ಣು, ನಾಲ್ಕು ಕೊಬ್ಬರಿ ಗಿಟುಕು. ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿಗೆ ಎರಡು ರಾತ್ರಿ, ಅಲ್ಲಿಂದ ಇನ್ನೊಂದು ರೈಲು. ಎರಡು ತಿಂಗಳಿಗೆಲ್ಲ ಹಿಟ್ಟಿನಲ್ಲಿ ಅರ್ಧ ಮುಗಿದಿರುತ್ತದೆ, ಉಳಿದರ್ಧಕ್ಕೆ ಹುಳ ಬಿದ್ದಿರುತ್ತದೆ. ಅಲ್ಲಿನ ಕಿರಾಣಿ ಅಂಗಡಿಗೆ ಹೋಗಿ ‘ರಾಗಿ’ ಎಂದರೆ ಅಂಗಡಿಯವನು ಮುಖ ನೋಡುತ್ತಾನೆ. ಮುದ್ದೆಯಿಲ್ಲದೆ ಸಾಯುವುದಿಲ್ಲ, ನಿಜ. ಆದರೆ ಕಣ್ಣೀರು ಬರುವುದು ಇಂಥ ಸಣ್ಣ ವಿಷಯಕ್ಕೇ.

ಸೇನೆಯ ಯಾವ ಕೈಪಿಡಿಯಲ್ಲೂ ಇದಕ್ಕೆ ಉತ್ತರ ಸಿಗದು. ಗಂಡನಿಗೂ ಗೊತ್ತಿರುವುದಿಲ್ಲ, ಅವನ ಊಟವೆಲ್ಲ ಲಂಗರಿನಲ್ಲಿ, ಅಂದರೆ ಯೂನಿಟ್ಟಿನ ಅಡುಗೆಮನೆಯಲ್ಲಿ ಆಗಿದೆ. ಉತ್ತರ ಗೊತ್ತಿರುವುದು ಅವಳಿಗಿಂತ ಮೂರು ವರ್ಷ ಮೊದಲು ಇದೇ ಹಾದಿ ನಡೆದ ಇನ್ನೊಬ್ಬಳಿಗೆ: ‘ನಿಮ್ಮ ಲೈನ್‌ನಲ್ಲಿ ಗಢವಾಲಿನೋರ ಮನೆ ಯಾವುದಿದೆ ನೋಡ್ಕೊ ಕಣಮ್ಮ. ಮಂಡುವಾ ಇದೆಯಾ ಅಂತ ಕೇಳು. ನಮ್ಮ ರಾಗೀನೇ ಅದು. ಅವರು ರಜಕ್ಕೆ ಹೋದಾಗ ಒಂದೈದು ಕೆ.ಜಿ. ತಂದ್ಕೊಡ್ತಾರೆ. ನೀನೂ ಊರಿಂದ ಬರೋವಾಗ ಅವರಿಗೆ ಕೊಬ್ಬರಿ ತಗೊಂಡ್ಹೋಗು.’

ಒಂದು ಫೋನ್ ಕರೆ, ಎರಡು ನಿಮಿಷದ ಮಾತು. ರಾಗಿಯ ಚಿಂತೆ ಕಳೆಯಿತು, ನೆರೆಮನೆಯ ಬಾಗಿಲು ತಟ್ಟುವುದಕ್ಕೆ ನೆಪವೂ ಸಿಕ್ಕಿತು. ಸೇನಾ ಕುಟುಂಬಗಳ ಬಗ್ಗೆ ಕೆಲಸ ಮಾಡುವವರು ಇದನ್ನು ಪೀರ್ ಮೆಂಟರಿಂಗ್ ಎನ್ನುತ್ತಾರೆ. ಮೇಲಿನವರು ಕೆಳಗಿನವರಿಗೆ ಕೊಡುವ ಉಪದೇಶವಲ್ಲ ಇದು, ಸರೀಕರು ಸರೀಕರಿಗೆ ತೋರಿಸುವ ದಾರಿ. ನಮ್ಮ ಭಾಷೆಯಲ್ಲಿ ಈ ಹುದ್ದೆಗೆ ‘ಅಕ್ಕ’ ಎಂದರೆ ಸಾಕು.

ತುಮಕೂರು ಸೀಮೆಗೆ ಈ ಅಕ್ಕ ಏಕೆ ಬೇಕು ಎಂದು ತಿಳಿಯಲು ಒಮ್ಮೆ ಕೊಡಗಿನ ಕಡೆ ನೋಡಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರನ್ನು ಕೊಟ್ಟ ನಾಡು ಅದು. ಅಲ್ಲಿ ಸೈನಿಕನ ಕೈ ಹಿಡಿಯುವ ಹುಡುಗಿಗೆ ಅತ್ತೆಯೋ ಚಿಕ್ಕಮ್ಮನೋ ಪಕ್ಕದ ಮನೆಯ ಅಜ್ಜಿಯೋ ಕಂಟೋನ್ಮೆಂಟಿನ ಬದುಕನ್ನು ಕಂಡು ಬಂದವರಿರುತ್ತಾರೆ. ತಿಮ್ಮಯ್ಯನವರ ಪತ್ನಿ ನೀನಾ ಅವರನ್ನೇ ನೋಡಿ. 1935ರ ಜನವರಿಯಲ್ಲಿ ಮದುವೆ. ಆಗ ತಿಮ್ಮಯ್ಯನವರಿದ್ದದ್ದು ಇಂದಿನ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿ. ಅದೇ ವರ್ಷ ಮೇ 31ರ ನಸುಕಿನಲ್ಲಿ ಭೂಕಂಪವಾಗಿ ಆ ಊರು ನೆಲಕ್ಕುರುಳಿತು, ಸತ್ತವರ ಲೆಕ್ಕ ಹತ್ತಾರು ಸಾವಿರ. ಮದುವೆಯಾಗಿ ಐದು ತಿಂಗಳೂ ತುಂಬದ ಹೆಣ್ಣುಮಗಳು ಗಂಡನ ಜೊತೆ ಪರಿಹಾರ ಕೆಲಸಕ್ಕಿಳಿದರು. ಆ ಸೇವೆಗೆ ಕೈಸರ್-ಇ-ಹಿಂದ್ ಪದಕ ಬಂತು. ಧೈರ್ಯ ಅವರದೇ, ಅನುಮಾನವಿಲ್ಲ. ಆದರೆ ಸೈನಿಕರ ನಾಡಿನ ಹೆಣ್ಣುಮಗಳಿಗೆ ಕಂಟೋನ್ಮೆಂಟ್ ಎಂಬ ಮಾತು ತೀರಾ ಹೊಸದಾಗಿರಲಿಕ್ಕಿಲ್ಲ.

ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆ ಹಾಗಲ್ಲ. ಇಲ್ಲಿಂದಲೂ ಹುಡುಗರು ಸೇನೆಗೆ ಹೋಗುತ್ತಾರೆ, ಹೆಚ್ಚಿನವರು ಜವಾನರಾಗಿ. ಆದರೆ ಒಂದು ಹಳ್ಳಿಯಲ್ಲಿ ಒಬ್ಬನೋ ಇಬ್ಬರೋ. ಊರವರಿಗೆ ಅವನು ‘ಮಿಲ್ಟ್ರಿ’, ಅವಳು ‘ಮಿಲ್ಟ್ರಿಯವನ ಹೆಂಡ್ತಿ’. ಅಭಿಮಾನಕ್ಕೆ ಕೊರತೆಯಿಲ್ಲ, ಅನುಭವಕ್ಕೆ ಕೊರತೆಯಿದೆ. ಅತ್ತೆ ತೋಟದ ಬದುಕು ಬಲ್ಲವಳು, ತಾಯಿ ಹೈನುಗಾರಿಕೆ ಬಲ್ಲವಳು. ಕ್ವಾರ್ಟರ್ಸ್ ಬದುಕು ಬಲ್ಲವರು ಮನೆಯಲ್ಲಿ ಯಾರೂ ಇಲ್ಲ.

ಹಾಗೆಂದು ಊರೂರು ಸುತ್ತುವ ಸಂಸಾರ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಸಂಸಾರ ಸಮೇತ ಕ್ಯಾಂಪಿನಿಂದ ಕ್ಯಾಂಪಿಗೆ ಸಾಗುತ್ತಿತ್ತು. ಆ ಕಂಪನಿಗೆ ನಾಟಕ ಬರೆದುಕೊಟ್ಟ ಬೆಳ್ಳಾವೆ ನರಹರಿ ಶಾಸ್ತ್ರಿಗಳು ನಮ್ಮೂರಿನ ಹೆಸರನ್ನೇ ಹೊತ್ತವರು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಮಾತು, ಹಾಡು ಬರೆದವರೂ ಅವರೇ. ಕಂಪನಿಗೆ ಹೊಸದಾಗಿ ಬಂದವರಿಗೆ ಕ್ಯಾಂಪಿನ ರೀತಿನೀತಿ ಕಲಿಸುತ್ತಿದ್ದದ್ದು ಮಾಲೀಕರಲ್ಲ, ಪಕ್ಕದ ಬಿಡಾರದವರು. ಸೇನೆಯ ಕ್ಯಾಂಪಿಗೂ ಬೇಕಾದದ್ದು ಅಂಥ ಪಕ್ಕದ ಬಿಡಾರ.

ಆ ಅಕ್ಕ ಹೇಳಬೇಕಾದ ಮೊದಲ ಪಾಠ ಕಾಗದದ್ದು. ಮದುವೆಯಾಯಿತು, ಛತ್ರದಲ್ಲಿ ಊಟ ಹಾಕಿದ್ದಾಯಿತು ಎಂದ ಮಾತ್ರಕ್ಕೆ ಸೇನೆಯ ಲೆಕ್ಕದಲ್ಲಿ ಅವಳು ಹೆಂಡತಿಯಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಪ್ರಮಾಣಪತ್ರ, ಜಂಟಿ ಫೋಟೊ, ಆಧಾರ್ ಎಲ್ಲ ಯೂನಿಟ್ಟಿಗೆ ಹೋಗಿ ‘ಪಾರ್ಟ್ ಟೂ ಆರ್ಡರ್’ ಹೊರಬೀಳಬೇಕು. ಆಮೇಲೆ ರೆಕಾರ್ಡ್ಸ್ ಕಚೇರಿಯ ಕಡತದಲ್ಲಿ ಅವಳ ಹೆಸರು ಏರುತ್ತದೆ. ಕ್ವಾರ್ಟರ್ಸ್, ಮಿಲಿಟರಿ ಆಸ್ಪತ್ರೆ, ಡಿಪೆಂಡೆಂಟ್ ಕಾರ್ಡ್, ಮುಂದೊಂದು ದಿನದ ಕುಟುಂಬ ಪಿಂಚಣಿ, ಎಲ್ಲದರ ಬೇರು ಈ ಒಂದು ಹಾಳೆ. ಮಗು ಹುಟ್ಟಿದಾಗ ಮತ್ತೊಂದು ಪಾರ್ಟ್ ಟೂ ಆರ್ಡರ್.

ಇಲ್ಲಿ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಒಂದು ವಿಶೇಷ ತೊಡಕಿದೆ. ನಮಗೆ ಸರ್‌ನೇಮ್ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಬಿಡಿಸಿ ಬರೆದದ್ದು, ಮದುವೆ ಪತ್ರದಲ್ಲಿ ಗಂಡನ ಹೆಸರು ಸೇರಿದ್ದು. ಓದುವವರಿಗೆ ಎಲ್ಲವೂ ಒಬ್ಬಳೇ. ಕಂಪ್ಯೂಟರಿಗೆ ನಾಲ್ವರು. ಹೊಸದರಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಸರಿನ ಒಂದಕ್ಷರ ತಪ್ಪಿದ್ದಕ್ಕೆ ಮೂವತ್ತು ವರ್ಷದ ನಂತರ ಪಿಂಚಣಿ ಅದಾಲತ್ತಿನ ಸಾಲಿನಲ್ಲಿ ನಿಂತ ವಯಸ್ಸಾದ ಹೆಂಗಸಿಗೆ ಮಾತ್ರ ಅದರ ಬೆಲೆ ಗೊತ್ತು. ‘ಮೊದಲು ಎಲ್ಲ ಕಡೆ ಒಂದೇ ಹೆಸರು ಮಾಡಿಸ್ಕೊ, ಆಮೇಲೆ ರೈಲು ಹತ್ತು’ ಎನ್ನುವ ಅಕ್ಕ ಹತ್ತು ವಕೀಲರಿಗೆ ಸಮ.

ಇನ್ನೊಂದು ನಾಜೂಕಾದ ವಿಷಯ. ಮದುವೆಯಾದ ಮೇಲೆ ‘ನೆಕ್ಸ್ಟ್ ಆಫ್ ಕಿನ್’ ಎಂಬ ಜಾಗದಲ್ಲಿ ಅಪ್ಪ ಅಮ್ಮನ ಹೆಸರಿನ ಬದಲು ಹೆಂಡತಿಯ ಹೆಸರು ಬರುತ್ತದೆ. ಏನಾದರೂ ಆದರೆ ಸೇನೆ ಮೊದಲು ಸುದ್ದಿ ಮುಟ್ಟಿಸುವ ಬಂಧು ಎಂದು ಅರ್ಥ. ನಾಮಿನಿ ಎಂಬುದು ಬೇರೆ. ಇಂಥ ಹಣ ಇಂಥವರಿಗೆ ಸೇರಲಿ ಎಂದು ಸೈನಿಕ ಬರೆದುಕೊಡುವ ಹೆಸರು ಅದು. ಗುಂಪು ವಿಮೆಯಲ್ಲಿ ಹೆಂಡತಿಗಿಷ್ಟು, ಹೆತ್ತವರಿಗಿಷ್ಟು ಎಂದು ಪಾಲು ಬರೆಯಲು ಅವಕಾಶವಿದೆ. ಈ ಎರಡು ಪದಗಳ ವ್ಯತ್ಯಾಸ ತಿಳಿಯದೆ ಅತ್ತೆಗೆ ‘ಬಂದು ತಿಂಗಳಾಗಿಲ್ಲ, ಮಗನ ಕಾಗದದಿಂದ ನನ್ನ ಹೆಸರು ತೆಗೆಸಿದಳು’ ಎನ್ನಿಸುತ್ತದೆ. ಸೊಸೆ ಇದನ್ನು ಬಿಡಿಸಿ ಹೇಳಿದರೆ ದುರಾಸೆ, ಮಗ ಹೇಳಿದರೆ ಹೆಂಡತಿ ಮಾತು ಕೇಳಿದ. ಹಳೆಯ ಸೈನಿಕನ ಹೆಂಡತಿಯೊಬ್ಬಳು ಮನೆಗೆ ಬಂದು ಕಾಫಿ ಕುಡಿಯುತ್ತ ‘ನಮ್ಮನೇಲೂ ಹಿಂಗೇ ಮಾಡ್ಸಿದ್ದು ಕಣಕ್ಕ, ಎಲ್ಲರಿಗೂ ಇದೇ ರೂಲ್ಸು’ ಎಂದರೆ ಅಲ್ಲಿಗೆ ಮಾತು ಮುಗಿಯುತ್ತದೆ.

ಎರಡನೆಯ ಪಾಠ ಭಾಷೆಯದು. ಕಂಟೋನ್ಮೆಂಟಿನಲ್ಲಿ ಹಿಂದಿ ಬೇಕು, ಆದರೆ ಅದು ಸಿನಿಮಾದ ಹಿಂದಿಯಲ್ಲ. ಅಲ್ಲಿ ‘ಫ್ಯಾಮಿಲಿ’ ಎಂದರೆ ಹೆಂಡತಿ. ‘ಸಾಬ್ ಕೀ ಫ್ಯಾಮಿಲಿ ಆಯೀ ಹೈ’ ಎಂದರೆ ಇಡೀ ಸಂಸಾರ ಬಂತೆಂದಲ್ಲ, ಒಬ್ಬ ಹೆಂಗಸು ಬಂದಳು ಎಂದು. ‘ಫೀಲ್ಡ್’ ಎಂದರೆ ಹೊಲವಲ್ಲ, ಸಂಸಾರ ಹೂಡಲಾಗದ ಗಡಿಯ ಕಡೆಯ ನೆಲೆ. ‘ಪೀಸ್’ ಎಂದರೆ ಸಂಸಾರ ಹೂಡಬಹುದಾದ ಊರು. ‘ಎಂಎಚ್’ ಆಸ್ಪತ್ರೆ, ‘ಸಿಎಸ್‌ಡಿ’ ಕ್ಯಾಂಟೀನು. ‘ವೆಲ್‌ಫೇರ್’ ಎಂದರೆ ಹೆಂಗಸರ ಸಭೆ. ಗಂಡನಿದ್ದದ್ದು ಮದ್ರಾಸ್ ರೆಜಿಮೆಂಟಿನಲ್ಲೋ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲೋ ಆದರೆ ಅಕ್ಕಪಕ್ಕ ತಮಿಳು, ತೆಲುಗು, ಮಲಯಾಳಂ ಕೇಳಿಸುತ್ತದೆ, ಸ್ವಲ್ಪ ಸಲೀಸು. ಸಿಗ್ನಲ್ಸೋ ಆರ್ಟಿಲರಿಯೋ ಆದರೆ ಇಡೀ ಸಾಲಿನಲ್ಲಿ ಕನ್ನಡದ ಮನೆ ಒಂದೇ ಇರಬಹುದು. ಆಗ ಊರಿನಿಂದ ಫೋನಿನಲ್ಲಿ ಸಿಗುವ ಅಕ್ಕನ ಬೆಲೆ ಇಮ್ಮಡಿ. ಅಳುವುದಕ್ಕೆ ಹಿಂದಿ ಸಾಲದು.

ಮೂರನೆಯದು ಅಗಲಿಕೆಯ ಪಾಠ, ಇದೇ ದೊಡ್ಡದು. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಕೇಳಲು ಮೂರು ತಿಂಗಳು. ಆದರೆ ಯೂನಿಟ್ಟಿನ ಕೆಲಸ ನೋಡಿ ಅದು ತುಂಡು ತುಂಡಾಗಿ ಸಿಗುತ್ತದೆ. ಹಬ್ಬಕ್ಕೆಂದು ಕೇಳಿದ್ದು ಹಬ್ಬ ಕಳೆದ ಮೇಲೆ ಮಂಜೂರಾದರೂ ಆಯಿತು. ಗಂಡ ಫೀಲ್ಡಿಗೆ ಹೋದಾಗ ಅವಳ ಮುಂದೆ ಎರಡು ದಾರಿ: ಊರಿಗೆ ಬಂದು ಅತ್ತೆ ಮನೆಯಲ್ಲಿರುವುದು, ಇಲ್ಲವೇ ಕೆಲವು ಊರುಗಳಲ್ಲಿ ಇಂಥ ಕುಟುಂಬಗಳಿಗೆಂದೇ ಇರುವ ‘ಸೆಪರೇಟೆಡ್ ಫ್ಯಾಮಿಲಿ’ ಕ್ವಾರ್ಟರ್ಸ್‌ಗೆ ಅರ್ಜಿ ಹಾಕಿ ಮಕ್ಕಳೊಂದಿಗೆ ಅಲ್ಲಿರುವುದು. ಮೊದಲಿನದರಲ್ಲಿ ಜೊತೆಗೆ ಜನ, ಎರಡನೆಯದರಲ್ಲಿ ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯವೋ ಆರ್ಮಿ ಪಬ್ಲಿಕ್ ಸ್ಕೂಲೋ, ಹತ್ತಿರದಲ್ಲೇ ಆಸ್ಪತ್ರೆ. ಯಾವುದು ಒಳ್ಳೆಯದು ಎನ್ನುವುದಕ್ಕೆ ಒಂದೇ ಉತ್ತರವಿಲ್ಲ. ಎರಡರಲ್ಲೂ ಇದ್ದು ನೋಡಿದವಳು ಯಾವುದರ ನೋವು ಎಲ್ಲಿದೆ ಎಂದು ಹೇಳಬಲ್ಲಳು.

ಫೀಲ್ಡಿನಿಂದ ಫೋನು ನಾಲ್ಕು ದಿನ ಬರದಿದ್ದರೆ ಏನು ಮಾಡಬೇಕು? ಟಿವಿಯಲ್ಲಿ ‘ಗಡಿಯಲ್ಲಿ ಗುಂಡಿನ ಚಕಮಕಿ’ ಎಂದು ಕೆಂಪು ಪಟ್ಟಿ ಓಡುತ್ತಿದ್ದರೆ? ಅಕ್ಕನ ಸಲಹೆ ಸರಳ: ಟಿವಿ ಆರಿಸು. ಯೂನಿಟ್ಟಿನ ನಂಬರು ಬರೆದಿಟ್ಟುಕೊ, ಬೇಕಾದರೆ ಅಲ್ಲಿಗೆ ಮಾಡು. ಕೆಟ್ಟ ಸುದ್ದಿ ಬರುವ ರೀತಿ ಬೇರೆ, ಫೋನು ಬರದಿರುವುದು ಸುದ್ದಿಯಲ್ಲ. ಜೊತೆಗೆ ಇನ್ನೊಂದು: ಗಂಡ ಎಲ್ಲಿದ್ದಾನೆ, ಯಾವಾಗ ಹೊರಟ, ಯಾವ ರೈಲು ಎಂಬುದು ಸ್ಟೇಟಸ್ಸಿಗೆ ಹಾಕುವ ವಿಷಯವಲ್ಲ. 2020ರ ಜುಲೈನಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ಅಳಿಸುವಂತೆ ತನ್ನವರಿಗೆ ಸೂಚಿಸಿತ್ತು. ಗಂಡ ಅಳಿಸಿದ, ಹೆಂಡತಿ ಯೂನಿಫಾರಂ ಫೋಟೊ ಹಾಕಿದಳು ಎಂದರೆ ಏನು ಪ್ರಯೋಜನ? ಅಧಿಕಾರಿ ಹೇಳಿದರೆ ಇದು ಆಜ್ಞೆ. ಅಕ್ಕ ಹೇಳಿದರೆ ಎಚ್ಚರಿಕೆ.

ಹಾಗಾದರೆ ಸೇನೆ ಈ ಬಗ್ಗೆ ಏನೂ ಮಾಡಿಲ್ಲವೇ? ಮಾಡಿದೆ. ಆರ್ಮಿ ವೈವ್ಸ್ ವೆಲ್‌ಫೇರ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ‘ಆವಾ’ ನೋಂದಣಿಯಾದದ್ದು 1966ರ ಆಗಸ್ಟ್ 23ರಂದು. ನೌಕಾಪಡೆಗೂ ವಾಯುಪಡೆಗೂ ಇಂಥದೇ ಸಂಘಗಳಿವೆ. ಹೊಲಿಗೆ, ಕಂಪ್ಯೂಟರ್ ತರಬೇತಿ, ವಿಶೇಷ ಮಕ್ಕಳಿಗೆ ‘ಆಶಾ’ ಶಾಲೆಗಳು, ವೀರನಾರಿಯರಿಗೆ, ಅಂದರೆ ಹುತಾತ್ಮ ಸೈನಿಕರ ಪತ್ನಿಯರಿಗೆ ನೆರವು, ಯೂನಿಟ್ಟುಗಳಲ್ಲಿ ಕುಟುಂಬಗಳ ಸಭೆ, ಎಲ್ಲವೂ ನಡೆಯುತ್ತವೆ. ದೂರದೂರಿಗೆ ಬಂದಿಳಿದ ಎಷ್ಟೋ ಹೆಣ್ಣುಮಕ್ಕಳಿಗೆ ಮನೆ ಬಿಟ್ಟು ಹೊರಬರಲು ಸಿಕ್ಕ ಮೊದಲ ಕಾರಣವೇ ಆ ಸಭೆ.

ಆದರೆ ಆ ಏರ್ಪಾಡಿಗೆ ತನ್ನದೇ ಒಂದು ಮಿತಿ. ಅದರ ಮೆಟ್ಟಿಲುಗಳು ಸೇನೆಯ ಮೆಟ್ಟಿಲುಗಳೇ. ಆವಾದ ಅಧ್ಯಕ್ಷೆ ಭೂಸೇನಾ ಮುಖ್ಯಸ್ಥರ ಪತ್ನಿ. ಯೂನಿಟ್ಟಿನಲ್ಲಿ ಕಮಾಂಡಿಂಗ್ ಆಫೀಸರ್ ಪತ್ನಿ ಮುಂದೆ. ಗಂಡನ ತೋಳಿನ ಪಟ್ಟಿ ಹೆಂಡತಿ ಕೂರುವ ಸಾಲನ್ನೂ ತೀರ್ಮಾನಿಸುತ್ತದೆ. ‘ಏನಾದರೂ ತೊಂದರೆ ಇದ್ದರೆ ಹೇಳಿ’ ಎಂದು ಆ ತಾಯಿ ಮನಸಾರೆ ಕೇಳಿದರೂ ಬೆಳ್ಳಾವಿಯ ಹುಡುಗಿಯ ಬಾಯಿಂದ ಹೊರಡುವುದು ‘ಕುಛ್ ನಹೀ ಮೇಡಂ, ಸಬ್ ಠೀಕ್ ಹೈ’. ತಾನು ಹೇಳಿದ್ದು ಗಂಡನ ಸಾಹೇಬರ ಕಿವಿಗೆ ಬಿದ್ದರೆ ಎಂಬ ಅಳುಕು. ಅಡುಗೆ ಅನಿಲದ ಬುಕಿಂಗ್ ಹೇಗೆ ಎಂಬ ಸಣ್ಣ ಪ್ರಶ್ನೆ ಕೇಳಲು ನಾಚಿಕೆ, ಗಂಡ ಕುಡಿದು ಬರುತ್ತಾನೆ ಎಂಬ ದೊಡ್ಡ ಮಾತು ಆಡಲು ಹೆದರಿಕೆ. ಈ ನಾಚಿಕೆ, ಹೆದರಿಕೆಗಳ ನಡುವಿನ ಜಾಗದಲ್ಲಿ ಬೇಕಾದವಳೇ ಪಟ್ಟಿಯಿಲ್ಲದ ಅಕ್ಕ.

ಅಮೆರಿಕದ ನೌಕಾಪಡೆಯವರು ಈ ಮಿತಿಯನ್ನು ಬಹಳ ಹಿಂದೆಯೇ ಗುರುತಿಸಿದರು. ಅಲ್ಲಿನ ನಾವಿಕರ ಪತ್ನಿಯರು 1965ರಲ್ಲಿ ‘ನೇವಿ ವೈಫ್‌ಲೈನ್’ ಎಂಬ ಸಂಘ ಕಟ್ಟಿಕೊಂಡರು. 1970ರಲ್ಲಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಜುಮ್‌ವಾಲ್ಟ್ ಕುಟುಂಬಗಳ ಅಹವಾಲನ್ನು ಕಮಾಂಡರಿಗೆ ಮುಟ್ಟಿಸಲು ಪತ್ನಿಯರ ನಡುವಿನಿಂದಲೇ ‘ಒಂಬುಡ್ಸ್‌ಮನ್’ಗಳನ್ನು ನೇಮಿಸುವ ಪದ್ಧತಿ ತಂದರು. ವೈಫ್‌ಲೈನ್ ಮುಂದೆ ಹೆಸರು ಬದಲಿಸಿಕೊಂಡು ‘ಕಂಪಾಸ್’ ಎಂಬ ಕಾರ್ಯಕ್ರಮ ಶುರುಮಾಡಿತು. ನಾವಿಕರ ಪತ್ನಿಯರೇ ತರಬೇತಿ ಪಡೆದು, ಹೊಸದಾಗಿ ಬಂದವರನ್ನು ಕೂರಿಸಿಕೊಂಡು ಸಂಬಳ, ವೈದ್ಯಕೀಯ ಸೌಲಭ್ಯ, ವರ್ಗಾವಣೆ, ಅಗಲಿಕೆ ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತಾರೆ. ಕಲಿಯಬೇಕಾದದ್ದು ಇದು: ಅಕ್ಕನನ್ನು ಅದೃಷ್ಟಕ್ಕೆ ಬಿಡಬಾರದು. ಒಳ್ಳೆಯ ನೆರೆ ಸಿಕ್ಕವಳು ಗೆದ್ದಳು, ಸಿಗದವಳು ಸೋತಳು ಎಂದಾಗಬಾರದು.

ಅಕ್ಕ ಎಷ್ಟು ಹಿರಿಯಳಾಗಿರಬೇಕು? ನನ್ನ ಪ್ರಕಾರ ಒಂದು ಪೋಸ್ಟಿಂಗ್‌ನಷ್ಟು, ಅಂದರೆ ಎರಡು ಮೂರು ವರ್ಷ. ಇಪ್ಪತ್ತು ವರ್ಷ ಕಂಡವಳ ಅನುಭವ ದೊಡ್ಡದು, ಆದರೆ ಅವಳಿಗೆ ಹೊಸ ಊರಿನ ಮೊದಲ ದಿನಗಳ ಭಯ ಮರೆತಿದೆ. ‘ನಮ್ಮ ಕಾಲದಲ್ಲಿ ಇನ್‌ಲ್ಯಾಂಡ್ ಲೆಟರ್‌ಗೆ ಇಪ್ಪತ್ತು ದಿನ ಕಾಯ್ತಿದ್ವಿ’ ಎಂದು ಶುರುವಾದರೆ ಹೊಸಬಳ ಅಳಲು ಅಲ್ಲೇ ಬಾಯಿ ಮುಚ್ಚುತ್ತದೆ. ಮೂರು ವರ್ಷದವಳಿಗೆ ಎಲ್ಲಿ ಎಡವಿದೆ ಎಂಬುದು ಇನ್ನೂ ಕಾಲಿಗೇ ನೆನಪಿದೆ. ಹಳ್ಳಿಗಳ ಆಶಾ ಆರೋಗ್ಯ ಕಾರ್ಯಕರ್ತೆಯರ ವ್ಯವಸ್ಥೆ 2005ರಿಂದ ನಿಂತಿರುವುದು ಇದೇ ತತ್ವದ ಮೇಲೆ. ಡಾಕ್ಟರು ಹೇಳಿದರೆ ಕೇಳದ ಬಸುರಿ ಅದೇ ಕೇರಿಯ ಆಶಾ ಹೇಳಿದರೆ ಕೇಳುತ್ತಾಳೆ. ನಮ್ಮ ಸ್ತ್ರೀಶಕ್ತಿ ಸಂಘಗಳಲ್ಲೂ ಹೊಸ ಸದಸ್ಯೆಗೆ ಬ್ಯಾಂಕಿನ ಚಲನ್ ತುಂಬಲು ಕಲಿಸಿದ್ದು ಮ್ಯಾನೇಜರಲ್ಲ, ಹೋದ ವರ್ಷ ಕಲಿತವಳು.

ಅಕ್ಕನಿಗೂ ಲಕ್ಷ್ಮಣರೇಖೆ ಬೇಕು. ಕೇಳಿದ ಮಾತು ಹೊಟ್ಟೆಯಲ್ಲೇ ಇರಬೇಕು, ಲೈನ್‌ನ ಹರಟೆಗೆ ಹೋಗಬಾರದು. ಸಾಲ, ಚೀಟಿ, ಸೀರೆ ವ್ಯಾಪಾರ, ‘ಒಬ್ಬರನ್ನು ಸೇರಿಸಿದರೆ ಕಮಿಷನ್’ ಎಂಬ ಯೋಜನೆಗಳನ್ನು ಈ ಸಂಬಂಧದೊಳಗೆ ತರಬಾರದು. ಗಂಡ ಹೆಂಡಿರ ಜಗಳದಲ್ಲಿ ತೀರ್ಪು ಕೊಡುವುದು ಅವಳ ಕೆಲಸವಲ್ಲ. ಹೊಡೆತ ಬಡಿತವಿದ್ದರೆ 181 ಮಹಿಳಾ ಸಹಾಯವಾಣಿ ಇದೆ ಎಂದು ಹೇಳುವುದು ಅವಳ ಕೆಲಸ. ಬಾಣಂತಿ ಊಟ ಬಿಟ್ಟಿದ್ದಾಳೆ, ನಿದ್ದೆಯಿಲ್ಲ, ಬದುಕೇ ಬೇಡ ಎನ್ನುತ್ತಿದ್ದಾಳೆ ಎಂದಾದರೆ ‘ಎಲ್ಲ ಸರಿಹೋಗುತ್ತೆ’ ಎನ್ನದೆ 14416ಕ್ಕೆ ಕರೆ ಮಾಡಿಸಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಸೇನಾಪಡೆಗಳವರಿಗೆಂದೇ ಅದರ ಒಂದು ಘಟಕ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು. ತನ್ನಿಂದ ಆಗದ್ದು ಯಾವುದು ಎಂದು ತಿಳಿದಿರುವವಳೇ ಒಳ್ಳೆಯ ಅಕ್ಕ.

ಬೆಳ್ಳಾವಿಯಲ್ಲಿ ಇದನ್ನು ಶುರು ಮಾಡಲು ಕಟ್ಟಡ ಬೇಕಿಲ್ಲ, ಅನುದಾನ ಬೇಕಿಲ್ಲ. ಮಾಜಿ ಸೈನಿಕರು ಆಗಾಗ ಸೇರುತ್ತಾರಲ್ಲ, ಜನವರಿ 26ಕ್ಕೆ, ಆಗಸ್ಟ್ 15ಕ್ಕೆ; ಅಂದು ಅವರ ಪತ್ನಿಯರನ್ನೂ ಕರೆದು, ‘ಯಾರು ಒಬ್ಬ ಹೊಸ ಹುಡುಗಿಯ ಫೋನ್ ಎತ್ತಿಕೊಳ್ಳಲು ಸಿದ್ಧ?’ ಎಂದು ಕೇಳಬೇಕು. ಸೇವೆಯಲ್ಲಿರುವವರ ಪತ್ನಿಯರು ರಜೆಗೆ ಬಂದಾಗ ಅವರನ್ನೂ ಸೇರಿಸಿಕೊಳ್ಳಬೇಕು. ಹೆಸರು, ಯೂನಿಟ್ ಬರೆದ ಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಬೇಡ, ಒಬ್ಬರ ನೋಟ್‌ಬುಕ್ಕಿನಲ್ಲಿದ್ದರೆ ಸಾಕು. ಕನಿಷ್ಠ ಮೂರು ಮಾತುಕತೆ: ಹೊರಡುವ ಮೊದಲು ಕಾಗದಪತ್ರದ್ದು, ತಲುಪಿದ ಮೊದಲ ವಾರದಲ್ಲಿ ಮನೆಯದ್ದು, ಗಂಡ ಫೀಲ್ಡಿಗೆ ಹೊರಟ ದಿನ ಏನೂ ವಿಷಯವಿಲ್ಲದ್ದು. ಮೂರನೆಯದೇ ಮುಖ್ಯ.

ಓದಿದ ಹುಡುಗಿಯರಿಗೆ ನಾಲ್ಕನೆಯ ಮಾತೊಂದು ಬೇಕು, ಕೆಲಸದ್ದು. ಊರಲ್ಲಿದ್ದಿದ್ದರೆ ಅಂಗನವಾಡಿ ಕಾರ್ಯಕರ್ತೆಯೋ ಅತಿಥಿ ಶಿಕ್ಷಕಿಯೋ ಆಗುತ್ತಿದ್ದವಳು ಎರಡು ವರ್ಷಕ್ಕೊಮ್ಮೆ ಊರು ಬದಲಾದರೆ ಏನಾಗಬೇಕು? ಇಗ್ನೊದಂಥ ದೂರಶಿಕ್ಷಣ, ಬಿ.ಎಡ್. ಆಗಿದ್ದರೆ ಸೇನಾ ಶಾಲೆಗಳ ನೇಮಕಾತಿ, ಮನೆಪಾಠ: ದಾರಿಗಳಿವೆ. ಯಾವ ದಾರಿಯಲ್ಲಿ ಎಷ್ಟು ಮುಳ್ಳು ಎಂದು ನಡೆದವಳೇ ಹೇಳಬೇಕು.

ಕೊನೆಯದಾಗಿ ಒಂದು ಮಾತು. ರೈಲು ಒಂದೇ ದಿಕ್ಕಿಗೆ ಓಡುವುದಿಲ್ಲ. ಜಾಲಹಳ್ಳಿ, ಯಲಹಂಕ, ಬೆಳಗಾವಿ, ಬೀದರ್, ಕಾರವಾರದ ಐಎನ್‌ಎಸ್ ಕದಂಬ, ಇಲ್ಲೆಲ್ಲ ಗಢವಾಲಿನಿಂದ, ಒಡಿಶಾದಿಂದ, ಮಣಿಪುರದಿಂದ ಮದುವೆಯಾದ ಹೊಸತರಲ್ಲಿ ಬಂದಿಳಿಯುವ ಹುಡುಗಿಯರಿದ್ದಾರೆ. ಅವರಿಗೆ ಬಸ್ಸಿನ ಬೋರ್ಡು ಓದಲು ಬಾರದು, ತರಕಾರಿಯವಳ ಲೆಕ್ಕ ಅರ್ಥವಾಗದು. ಪಂಜಾಬಿನಿಂದ ಬೆಂಗಳೂರಿಗೆ ವರ್ಗವಾಗಿ ಬಂದ ಬೆಳ್ಳಾವಿಯ ಹೆಣ್ಣುಮಗಳ ಕ್ವಾರ್ಟರ್ಸ್ ಪಕ್ಕದಲ್ಲಿ ಅಂಥ ಒಂದು ಗಢವಾಲಿ ಸಂಸಾರ ಬಂದಿಳಿಯಬಹುದು. ಮಂಡುವಾ ಎಲ್ಲಿ ಸಿಗುತ್ತದೆ ಎಂದು ಆ ಹುಡುಗಿ ಯಾರನ್ನು ಕೇಳಬೇಕು? ಈಗ ಒಂದು ಪೋಸ್ಟಿಂಗ್ ಮುಂದಿರುವವಳು ನಮ್ಮವಳು. ರಾಗಿಯ ಡಬ್ಬ ಹಿಡಿದುಕೊಂಡು ಅವಳೇ ಹೋಗಿ ಬಾಗಿಲು ತಟ್ಟಲಿ.